ಮಿಲ್ಕ್ ಕಾಲೊನಿಯ ಪಕ್ಕ ಹಾಲಿಲ್ಲದ ರಾಗಿ ಸರಿ

ಮಾಧವರಂ ಎಂದರೆ ಚೆನ್ನೈನವರಿಗೆ ಮೊದಲು ನೆನಪಾಗುವುದು ಹಾಲು. ನಮಗೆ ನಂದಿನಿ ಹೇಗೋ ಇವರಿಗೆ ಆವಿನ್ ಹಾಗೆ. ಅದರ ಡೇರಿ ಇರುವುದು ಇಲ್ಲಿ. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯವೂ ಇಲ್ಲೇ. ಬಡಾವಣೆಯ ಹೆಸರೇ ಮಾಧವರಂ ಮಿಲ್ಕ್ ಕಾಲೊನಿ. ಹೊಸ ಮೆಟ್ರೊ ಮಾರ್ಗ ಶುರುವಾಗುವ ನಿಲ್ದಾಣಕ್ಕೂ ಅದೇ ಹೆಸರು. ಅಂಬತ್ತೂರಿನ ಆಫೀಸಿಗೆ ಹತ್ತಿರ, ಬಾಡಿಗೆಯೂ ಕೈಗೆಟುಕುತ್ತದೆ ಎಂದು ಆರು ವರ್ಷದ ಹಿಂದೆ ಬಂದು ಸೇರಿದವರು ನಾವು. ಇಂಥ ಹಾಲಿನ ಊರಲ್ಲಿದ್ದುಕೊಂಡು ನಮ್ಮ ಮಗಳಿಗೆ ಎರಡು ವರ್ಷ ತುಂಬುವವರೆಗೆ ಒಂದು ತೊಟ್ಟು ಹಸುವಿನ ಹಾಲು ಕೊಡಲಿಲ್ಲ. ಗೋಧಿಯನ್ನಂತೂ ಇವತ್ತಿಗೂ ಕೊಟ್ಟಿಲ್ಲ.

ಶುರುವಾದದ್ದು ಅವಳಿಗೆ ಏಳು ತಿಂಗಳಾದಾಗ. ಆರು ತಿಂಗಳು ತುಂಬುವವರೆಗೆ ಬರೀ ಎದೆಹಾಲು, ಆಮೇಲೆ ಅಕ್ಕಿ ಗಂಜಿ, ಬೇಳೆಕಟ್ಟು, ಬೇಯಿಸಿ ಹಿಸುಕಿದ ಕ್ಯಾರೆಟ್ಟು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಹೆಂಡತಿ ಮತ್ತೆ ಕೆಲಸಕ್ಕೆ ಹೋಗಬೇಕಿದ್ದ ವಾರ, ಬಿಸಿನೀರಿಗೆ ಕಲಸಿದರೆ ಸಾಕು ಎನ್ನುವ ಪ್ಯಾಕೆಟ್ಟಿನ ಆಹಾರವೊಂದನ್ನು ತಂದೆವು. ಮೂರು ಚಮಚ ತಿಂದಿರಬೇಕು. ಹತ್ತು ನಿಮಿಷದೊಳಗೆ ಬಾಯಿಯ ಸುತ್ತ ಕೆಂಪಗೆ ಗಂಧೆ ಎದ್ದಿತು. ಅದು ಕುತ್ತಿಗೆಗೆ ಇಳಿಯಿತು, ತುಟಿ ಊದಿಕೊಂಡಿತು, ಆಮೇಲೆ ಮೈಯೆಲ್ಲ ನೆನೆಯುವಷ್ಟು ವಾಂತಿ. ಆಟೊದಲ್ಲಿ ಆಸ್ಪತ್ರೆಗೆ ಓಡಿದ್ದು ಎಷ್ಟು ಹೊತ್ತಿನ ದಾರಿ ಎಂದು ಈಗ ಕೇಳಿದರೂ ನನಗೆ ಹೇಳಲಾಗದು. ಚರ್ಮ, ಹೊಟ್ಟೆ ಎರಡೂ ಒಟ್ಟಿಗೆ ಕೆರಳಿದರೆ ಕಾಯಬಾರದು ಎಂದು ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟು, ಸಂಜೆಯವರೆಗೆ ಕಣ್ಣಿಟ್ಟು ನೋಡಿ ಮನೆಗೆ ಕಳಿಸಿದರು. ಮತ್ತೆ ಹೀಗಾದರೆ ಏನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದೂ ಕೊಟ್ಟರು. ಅದು ಇನ್ನೂ ನಮ್ಮ ಫ್ರಿಡ್ಜ್ ಬಾಗಿಲ ಮೇಲಿದೆ.

ಮನೆಗೆ ಬಂದು ಪ್ಯಾಕೆಟ್ಟಿನ ಹಿಂಬದಿ ಓದಿದೆ. ಮೊದಲ ಎರಡು ಪದಾರ್ಥ ಗೋಧಿ ಹಿಟ್ಟು, ಹಾಲಿನ ಪುಡಿ. ಮುಚ್ಚಿಟ್ಟಿದ್ದೇನೂ ಅಲ್ಲ, ದಪ್ಪಕ್ಷರದಲ್ಲೇ ಇತ್ತು. ನಾವು ಓದಿರಲಿಲ್ಲ, ಅಷ್ಟೆ. ದಿನವಿಡೀ ಬೇರೆಯವರು ಬರೆದ ಕೋಡ್ ಸಾಲು ಸಾಲಾಗಿ ಓದಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಮಗಳ ಬಾಯಿಗೆ ಹಾಕುವುದರ ಆರು ಸಾಲು ಓದಲು ಪುರುಸೊತ್ತಿರಲಿಲ್ಲ.

ಚರ್ಮದ ಮೇಲಿನ ಪರೀಕ್ಷೆ, ರಕ್ತ ಪರೀಕ್ಷೆ ಎರಡೂ ಆದವು. ಗೋಧಿ ಮತ್ತು ಹಸುವಿನ ಹಾಲು, ಎರಡಕ್ಕೂ ಅಲರ್ಜಿ. ನಾನು ಆಗ 'ಗ್ಲುಟೆನ್ ಅಲರ್ಜಿ' ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಮಕ್ಕಳ ವೈದ್ಯರು ಅದನ್ನು ತಿದ್ದಿದರು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ಈ ಗೊಂದಲ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವೂ ಕಾಣುತ್ತದೆ.

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಒಂದು ಗುಂಪು ಪ್ರೋಟೀನುಗಳಿಗೆ ಗ್ಲುಟೆನ್ ಎನ್ನುತ್ತಾರೆ. ಚಪಾತಿ ಹಿಟ್ಟು ಹರಿಯದೆ ಹಿಗ್ಗುವುದು ಅದರಿಂದಲೇ. ಸೀಲಿಯಾಕ್ ಎಂಬ ಕಾಯಿಲೆಯಲ್ಲಿ ಗ್ಲುಟೆನ್ ಹೊಟ್ಟೆಗೆ ಹೋದಾಗಲೆಲ್ಲ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಗಂಧೆ ಏಳುವುದಿಲ್ಲ. ಮಗು ತಿಂಗಳುಗಟ್ಟಲೆ ತೂಕ ಏರದೆ, ಬೇಧಿಯಾಗಿ, ರಕ್ತಹೀನವಾಗಿ ಸೊರಗುತ್ತದೆ. ಅದು ಜೀವನಪೂರ್ತಿಯದು. ಗೋಧಿ ಅಲರ್ಜಿ ಬೇರೆ: ತಿಂದ ನಿಮಿಷಗಳಲ್ಲಿ, ತಡವೆಂದರೆ ಒಂದೆರಡು ಗಂಟೆಯಲ್ಲಿ ಮೈಮೇಲೆ ಕಾಣುತ್ತದೆ, ಗ್ಲುಟೆನ್ನೇ ಕಾರಣವಾಗಬೇಕೆಂದಿಲ್ಲ, ಗೋಧಿಯ ಬೇರೆ ಪ್ರೋಟೀನುಗಳಿಗೂ ಆಗಬಹುದು, ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ನಮ್ಮ ಮಗಳದು ಎರಡನೆಯದು. ಬಾರ್ಲಿಯ ಪ್ರೋಟೀನು ಗೋಧಿಯದಕ್ಕೆ ತೀರ ಹತ್ತಿರದ್ದು, ಅದನ್ನೂ ದೂರವಿಡಿ ಎಂದರು. ಹಾಗಾಗಿ ಅಡುಗೆಮನೆಯ ಮಟ್ಟಿಗೆ ನಾವೂ ಗ್ಲುಟೆನ್ ಇಲ್ಲದ ಮನೆಯೇ ಆದೆವು.

ಗ್ಲುಟೆನ್ ಮಕ್ಕಳ ಕರುಳಿಗೆ ಶತ್ರುವಾಗಬಹುದೆಂದು ಪತ್ತೆಯಾದ ಕಥೆಯೂ ಗಂಜಿಯಷ್ಟೇ ಸಾದಾ. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ 1930ರ ದಶಕದಿಂದಲೇ ಗೋಧಿಯ ಮೇಲೆ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡೇ ಸಿಗದಂಥ ಬರ. ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ವಾಪಸು ಬಂದಾಗ ಮತ್ತೆ ಕೆಟ್ಟರು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಬರೆದರು.

ನಮ್ಮ ದೇಶದಲ್ಲಿ ಸೀಲಿಯಾಕ್ ಹೆಚ್ಚು ಕಾಣುವುದು ರೊಟ್ಟಿ ತಿನ್ನುವ ಉತ್ತರದಲ್ಲಿ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರ ಭಾರತದಲ್ಲಿ ಶೇ 1.23 ಜನರಲ್ಲಿ ಅದು ಕಂಡರೆ ದಕ್ಷಿಣದಲ್ಲಿ ಶೇ 0.10 ಮಾತ್ರ. ಕಾಯಿಲೆಗೆ ದಾರಿ ಮಾಡುವ ವಂಶವಾಹಿಗಳು ದಕ್ಷಿಣದವರಲ್ಲೂ ಇವೆ, ತಿನ್ನುವ ಗೋಧಿ ಕಡಿಮೆ. ಗುರುಗ್ರಾಮ, ನೊಯ್ಡಾಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಗೆಳೆಯರಿಗೆ ಈ ಲೆಕ್ಕ ಹೇಳುತ್ತಿರುತ್ತೇನೆ. ಹೆದರಿಸಲಿಕ್ಕಲ್ಲ, ಮಗುವಿನ ತೂಕ ಏರದಿದ್ದರೆ ವೈದ್ಯರ ಬಳಿ ಈ ಮಾತೂ ಎತ್ತಲಿ ಎಂದು. ಒಂದು ವಿಷಯ ಮಾತ್ರ ಮರೆಯಬೇಡಿ: ಸೀಲಿಯಾಕ್ ರಕ್ತ ಪರೀಕ್ಷೆಗೆ ಮುಂಚೆ ನೀವೇ ಗೋಧಿ ನಿಲ್ಲಿಸಿಬಿಟ್ಟರೆ ಪರೀಕ್ಷೆ ಸುಳ್ಳು ಹೇಳಬಹುದು.

ಸರಿ, ಇನ್ನು ಸರಿಗೆ ಬರೋಣ. ಹಳೇ ಮೈಸೂರಿನವರಿಗೆ ರಾಗಿ ಸರಿ ಎಂದರೆ ವಿವರಿಸಬೇಕಿಲ್ಲ. ಕರಾವಳಿಯವರು ಮಣ್ಣಿ ಎಂದುಕೊಳ್ಳಿ, ಮಿಕ್ಕವರು ಮಗುವಿನ ತೆಳು ಗಂಜಿ ಎಂದುಕೊಳ್ಳಿ. ನಮ್ಮೂರು ಕುಣಿಗಲ್ ಕಡೆ. ಪರೀಕ್ಷೆಯ ಫಲಿತಾಂಶ ಕೇಳಿದ ಮಾರನೇ ವಾರವೇ ಅಮ್ಮ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿನಲ್ಲಿ ಸೆಂಟ್ರಲ್ಲಿಗೆ ಬಂದಿಳಿದರು. ಕೈಯಲ್ಲಿ ಎರಡು ಸ್ಟೀಲ್ ಡಬ್ಬ. "ಗೋಧಿ ಆಗದಿದ್ರೆ ಹೋಯ್ತು, ಅದೇನು ನಮ್ಮ ಮನೆ ದೇವರಾ? ರಾಗಿ ಐತಲ್ಲ" ಎಂದರು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಮಿಲ್ಲಿಗೆ ಹಾಕಿಸಿ, ತೆಳು ಪಂಚೆಯಲ್ಲಿ ಸೋಸಿದ ಹಿಟ್ಟು. ಮೂಗಿನ ಹತ್ತಿರ ಹಿಡಿದರೆ ಸಾಕು, ನಾನು ನಾಲ್ಕು ವರ್ಷದ ಹುಡುಗ. ರಾಗಿಯಲ್ಲಿ ಗ್ಲುಟೆನ್ ಇಲ್ಲ ಎಂದು ವೈದ್ಯರೂ ಹೇಳಿದ್ದರು. ಮೊದಲ ದಿನ ಮಗಳು ಚಪ್ಪರಿಸಿಕೊಂಡು ತಿಂದಳು. ಎರಡನೇ ದಿನ ತಿಂದು ಅರ್ಧ ಗಂಟೆಯಾಗಿರಲಿಲ್ಲ, ಹೊಟ್ಟೆಯ ಮೇಲೆ, ತೊಡೆಯ ಮೇಲೆ ಮತ್ತೆ ಗಂಧೆ.

ಈ ಸಲ ವಾಂತಿ ಇರಲಿಲ್ಲ, ಆಸ್ಪತ್ರೆ ತಲುಪುವಷ್ಟರಲ್ಲಿ ಅರ್ಧ ಇಳಿದಿತ್ತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಮ್ಮ, ಅದಕ್ಕೆ ಏನೇನು ಹಾಕಿದ್ದೀಯ ಹೇಳು" ಎಂದು ಎಲ್ಲರೆದುರು ಕೇಳಿದೆ. ಕೇಳಿದ ಧಾಟಿ ನನಗೇ ನೆನಪಿದೆ. ಅಮ್ಮ ಏನೂ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ಬಾಲ್ಕನಿಯಲ್ಲಿ ಕೂತು, "ನಿಮ್ಮ ಮೂರು ಜನಕ್ಕೂ ಇದೇ ತಿನ್ಸಿ ಬೆಳ್ಸಿದ್ದು ಕಣೋ. ನಾಳೆ ಬೆಳಿಗ್ಗೆ ಬೃಂದಾವನಕ್ಕೆ ಟಿಕೆಟ್ ಮಾಡಿಬಿಡು" ಎಂದರು.

ಉಳಿಸಿದ್ದು ವೈದ್ಯರ ಒಂದು ಪ್ರಶ್ನೆ. ರಾಗಿಗೇ ಅಲರ್ಜಿ ಇರಬಹುದೆ ಎಂದು ನಾನು ಕೇಳಿದ್ದಕ್ಕೆ ಅವರು ಮರುಪ್ರಶ್ನೆ ಹಾಕಿದ್ದರು: "ಎಲ್ಲಿ ಬೀಸಿಸಿದ್ದು? ಅದಕ್ಕಿಂತ ಮುಂಚೆ ಆ ಮಷೀನಿನಲ್ಲಿ ಏನು ಬೀಸಿದ್ದರು?" ರಾತ್ರಿ ಅಮ್ಮನ ಕೈಯಲ್ಲೇ ಊರಿನ ಮಿಲ್ಲಿಗೆ ಫೋನ್ ಮಾಡಿಸಿದೆವು. ಸ್ಪೀಕರಿನಲ್ಲಿ ಆತನ ದನಿ: "ನಿಮ್ಮದಕ್ಕಿಂತ ಮುಂಚೆ ಗೋಧಿನೇ ಹಾಕಿದ್ದು ಅಕ್ಕ. ಯಾವತ್ತೂ ಹಂಗೇ ಅಲ್ವಾ?" ಯಾವತ್ತೂ ಹಾಗೆಯೇ. ಹಿಂದಿನವರ ಹಿಟ್ಟು ಒಂದಿಷ್ಟು ನಮ್ಮ ಚೀಲಕ್ಕೆ, ನಮ್ಮದೊಂದಿಷ್ಟು ಮುಂದಿನವರ ಚೀಲಕ್ಕೆ. ಹಳ್ಳಿಯಲ್ಲಿ ಅದನ್ನು ಯಾರೂ ತಪ್ಪು ಎಂದುಕೊಳ್ಳುವುದಿಲ್ಲ, ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳಿಗೆ ಅದರಿಂದ ಏನೂ ಆಗುವುದೂ ಇಲ್ಲ.

ಆ ರಾತ್ರಿ ಒಂದು ಲೆಕ್ಕ ಹಾಕಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಒಂದು ಕಿಲೊ ಆಹಾರದಲ್ಲಿ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದರೆ ಮಾತ್ರ 'ಗ್ಲುಟೆನ್ ಮುಕ್ತ' ಎಂದು ಬರೆಯಬಹುದು. ಗೋಧಿ ಹಿಟ್ಟಿನಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಎಂಟು ಪಾಲು ಗ್ಲುಟೆನ್. ಮಿಲ್ಲಿನ ಸಂದಿಯಲ್ಲಿ 5 ಗ್ರಾಂ, ಅಂದರೆ ಒಂದೆರಡು ಟೀ ಚಮಚ ಗೋಧಿ ಹಿಟ್ಟು ಉಳಿದಿತ್ತು ಎನ್ನೋಣ. ಅದರಲ್ಲಿ 400 ಮಿಲಿಗ್ರಾಂ ಗ್ಲುಟೆನ್. ಅಮ್ಮನ 2 ಕಿಲೊ ಸರಿ ಹಿಟ್ಟಿಗೆ ಅದು ಬಿದ್ದರೆ ಕಿಲೊಗೆ 200 ಮಿಲಿಗ್ರಾಂ, ಮಿತಿಯ ಹತ್ತು ಪಟ್ಟು. ಅದೂ ಎಲ್ಲ ಕಡೆ ಸಮನಾಗಿ ಬೆರೆಯುವುದಿಲ್ಲ. ಮೊದಲ ದಿನದ ಚಮಚದಲ್ಲಿ ಇಲ್ಲದ್ದು ಎರಡನೇ ದಿನದ ಚಮಚದಲ್ಲಿ ಇರಬಹುದು. ಇನ್ನು ಈ 20ರ ಮಿತಿ ಸೀಲಿಯಾಕ್ ಇರುವವರನ್ನು ಗಮನದಲ್ಲಿಟ್ಟು ಮಾಡಿದ್ದು. ಅಲರ್ಜಿ ಇರುವ ಕೂಸಿಗೆ ಇಷ್ಟು ಸಾಕು, ಇಷ್ಟು ಬೇಡ ಎನ್ನುವ ಒಂದೇ ಅಳತೆ ಇಲ್ಲ.

ಈ ಲೆಕ್ಕವನ್ನು ಅಮ್ಮನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರಿಗೆ ಲೆಕ್ಕ ಬೇಕಿರಲಿಲ್ಲ. ರಾಗಿಯದ್ದಾಗಲೀ ತಮ್ಮದಾಗಲೀ ತಪ್ಪಿರಲಿಲ್ಲ ಎನ್ನುವುದಷ್ಟೇ ಬೇಕಿತ್ತು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಮುಂದಿನದು ಅಮ್ಮನ ರಾಜ್ಯಭಾರ. ಹೊಸ ಜರಡಿ, ಹೊಸ ಬಟ್ಟೆ, ಮಿಕ್ಸಿಗೆ ಹೊಸ ಜಾರು, ಹೊಸ ಮರದ ಚಮಚ. ಯಾವುದೂ ಗೋಧಿ ಕಂಡಿರಬಾರದು. ಅಂಗಡಿಯಲ್ಲಿ ಮೂಟೆಯಿಂದ ತೂಗಿ ಕೊಡುವ ರಾಗಿ ಬೇಡ, ಅದೇ ಅಳತೆ ಡಬ್ಬದಲ್ಲಿ ಗೋಧಿಯನ್ನೂ ತೋಡಿರುತ್ತಾರೆ. ಪ್ಯಾಕೆಟ್ ರಾಗಿಯನ್ನೂ ಅಮ್ಮ ಮೊದಲು ಸಣ್ಣ ಕಣ್ಣಿನ ಜರಡಿಗೆ ಹಾಕುತ್ತಿದ್ದರು. ರಾಗಿ ಕೆಳಗೆ ಇಳಿಯುತ್ತದೆ, ಗೋಧಿ ಕಾಳೇನಾದರೂ ಇದ್ದರೆ ಮೇಲೆ ಉಳಿಯುತ್ತದೆ. ಒಂದು ಸಲ ಎರಡು ಕಾಳು ಸಿಕ್ಕವು. ಅವನ್ನು ಅಂಗೈಯಲ್ಲಿಟ್ಟುಕೊಂಡು ಬಂದು, ಮೀಟಿಂಗಿನಲ್ಲಿದ್ದ ನನ್ನ ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ ಹಿಡಿದರು.

ಮಾಡುವ ಕ್ರಮ ಇದು, ಬೇಕಾದವರು ಬರೆದುಕೊಳ್ಳಿ. ಕಾಲು ಕಿಲೊ ರಾಗಿಯನ್ನು ನಾಲ್ಕೈದು ನೀರಿನಲ್ಲಿ ತೊಳೆದು, ಎಂಟರಿಂದ ಹತ್ತು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದು. ಚೆನ್ನೈನ ಸೆಖೆಗೆ ಒಂದು ದಿನ ಸಾಕು, ಬಿಳಿ ಮೊಳಕೆ ಇಣುಕುತ್ತದೆ. ಕುಣಿಗಲ್ಲಿನ ಚಳಿಗಾಲದಲ್ಲಾದರೆ ಎರಡು ದಿನ. ಬಟ್ಟೆ ಹುಳಿ ವಾಸನೆ ಬಂದರೆ ಎಸೆದು ಹೊಸದಾಗಿ ಶುರು ಮಾಡಬೇಕು, ಮಗುವಿನ ವಿಷಯದಲ್ಲಿ ಜಿಪುಣತನ ಬೇಡ. ಫ್ಯಾನಿನ ಕೆಳಗೆ ಹರಡಿ ಗರಿಗರಿಯಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು, ಪುಡಿ ಮಾಡಿ ಬಟ್ಟೆಯಲ್ಲಿ ಸೋಸುವುದು. ಹೆಸರುಬೇಳೆಯನ್ನು ಬೇರೆಯಾಗಿ ಹುರಿದು ಪುಡಿ ಮಾಡಿ, ಮೂರು ಪಾಲು ರಾಗಿಗೆ ಒಂದು ಪಾಲಿನಂತೆ ಸೇರಿಸುತ್ತೇವೆ. ಒಂದು ದೊಡ್ಡ ಚಮಚ ಹಿಟ್ಟನ್ನು ಮುಕ್ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಏಳೆಂಟು ನಿಮಿಷ ಬೇಯಿಸಿದರೆ ಹೊಳಪು ಬರುತ್ತದೆ.

ಮೊಳಕೆ ಕಟ್ಟುವುದು ಬರೀ ಸಂಪ್ರದಾಯ ಎಂದುಕೊಂಡಿದ್ದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆ. ಅದಕ್ಕೇ ಮೊಳಕೆ ರಾಗಿಯ ಸರಿ ತೆಳುವಾಗಿರುತ್ತದೆ. ಮೊಳಕೆ ಕಟ್ಟದ ಹಿಟ್ಟು ಅಷ್ಟೇ ಹಾಕಿ ನೋಡಿ, ಅಂಟಾಗಿ ಚಮಚ ನಿಲ್ಲುತ್ತದೆ. ತೆಳುವಾಗಲಿ ಎಂದು ನೀರು ಹೆಚ್ಚಿಸಿದರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ, ಶಕ್ತಿ ಸಾಲದು. ಮೊಳಕೆ ಹಿಟ್ಟಾದರೆ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಸಿಕಾಚಾರ್ ಎಂಬ ವಿಜ್ಞಾನಿಗಳು 1982ರಲ್ಲೇ ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನಿಂದ ಇಂಥದೊಂದು ಶಿಶು ಆಹಾರ ರೂಪಿಸಿ ಪ್ರಬಂಧ ಪ್ರಕಟಿಸಿದ್ದರು. ಅದನ್ನು ಅಮ್ಮನಿಗೆ ಹೇಳಿದಾಗ, "ನಮ್ಮಜ್ಜಿ ಹೇಳಿಕೊಟ್ಟಿರಬೇಕು ಅವರಿಗೆ" ಎಂದರು.

ಹಾಗೆಂದು ರಾಗಿಯನ್ನು ಅಟ್ಟಕ್ಕೇರಿಸುವುದೂ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕೇಳಲು ದೊಡ್ಡದು. ಮಗು ಒಂದು ಹೊತ್ತಿಗೆ ತಿನ್ನುವ 20 ಗ್ರಾಂ ಹಿಟ್ಟಿನಲ್ಲಿ ಸಿಗುವುದು 70 ಚಿಲ್ಲರೆ. ಅದರಲ್ಲೂ ಕಾಳಿನಲ್ಲಿರುವ ಫೈಟೇಟ್ ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಕಟ್ಟಿಹಾಕುತ್ತದೆ. ಮೊಳಕೆ ಕಟ್ಟಿದರೆ ಸ್ವಲ್ಪ ಸಡಿಲವಾಗುತ್ತದೆ, ಪೂರ್ತಿ ಹೋಗುವುದಿಲ್ಲ. 'ಹಾಲು ಬಿಡಿ, ರಾಗಿ ಹಿಡಿ' ಎನ್ನುವ ಫಾರ್ವರ್ಡ್ ಸಂದೇಶಗಳನ್ನು ನಂಬಿ ಕೂತಿದ್ದರೆ ಮಗಳು ಸೊರಗುತ್ತಿದ್ದಳು. ಎದೆಹಾಲು ಮುಂದುವರಿಯಿತು, ವೈದ್ಯರು ಬರೆದ ಕಬ್ಬಿಣದ ಹನಿ ಮುಂದುವರಿಯಿತು, ಪ್ರತಿ ತಿಂಗಳು ತೂಕ ನೋಡಿದೆವು. ಮೇಕೆ ಹಾಲು ಕೊಡಿ ಎಂದ ಹಿತೈಷಿಗಳಿಗೂ ಲೆಕ್ಕವಿಲ್ಲ. ಹಸುವಿನ ಹಾಲಿನ ಅಲರ್ಜಿ ಇರುವ ಬಹುಪಾಲು ಮಕ್ಕಳಿಗೆ ಮೇಕೆಯದೂ ಆಗದು, ಎಮ್ಮೆಯದೂ ಆಗದು.

ಅಮ್ಮನಿಗೆ ಗೋಧಿ ಬಿಡುವುದಕ್ಕಿಂತ ಕಷ್ಟವಾದದ್ದು ತುಪ್ಪ ಬಿಡುವುದು. ತುಪ್ಪದಲ್ಲೂ ಹಾಲಿನ ಪ್ರೋಟೀನಿನ ಚೂರು ಉಳಿದಿರುತ್ತದೆ ಎಂದರೆ ಒಪ್ಪಲು ಎರಡು ವಾರ ಹಿಡಿಯಿತು. "ತುಪ್ಪ ಇಲ್ದಿರೋ ಸರಿನ ಮಗ ಹೆಂಗೆ ತಿಂತದೆ?" ಕೊನೆಗೆ ಕೊಬ್ಬರಿ ಎಣ್ಣೆ ಅರ್ಧ ಚಮಚ. ಬೆಲ್ಲದ ಬದಲು ಹಿಸುಕಿದ ಏಲಕ್ಕಿ ಬಾಳೆ.

ಕೆಳಗಿನ ಮನೆಯ ಪಾಟಿಯ ವಿಷಯ ಹೇಳದಿದ್ದರೆ ಅನ್ಯಾಯ. ಎಪ್ಪತ್ತು ದಾಟಿದ ಹಿರಿಯರು, ಮಗಳನ್ನು ತಮ್ಮ ಮೊಮ್ಮಗಳಂತೆ ಎತ್ತಿ ಆಡಿಸಿದವರು. ಒಂದು ದಿನ ದೊಡ್ಡ ಬಾಟಲಿ ತುಂಬ ಸತ್ತು ಮಾವು ತಂದರು. ಇಲ್ಲಿನವರು ಮಕ್ಕಳಿಗೆ ಕೊಡುವ ಬಹುಧಾನ್ಯದ ಹಿಟ್ಟು: ಕೇಳ್ವರಗು ಅಂದರೆ ನಮ್ಮ ರಾಗಿ, ಸಜ್ಜೆ, ಅಕ್ಕಿ, ಹುರಿಗಡಲೆ, ಗೋಡಂಬಿ, ಬಾದಾಮಿ, ಜತೆಗೆ ಗೋಧಿ ಮತ್ತು ಬಾರ್ಲಿ. ಬಾಟಲಿ ಕೈಯಲ್ಲಿ ಹಿಡಿದು ನಿಂತ ಪಾಟಿಗೆ ಬೇಡ ಎನ್ನುವುದು ನನ್ನ ತಮಿಳಿಗೆ ಮೀರಿದ ಕೆಲಸ. ಹೆಂಡತಿ ಫ್ರಿಡ್ಜಿನ ಮೇಲಿನ ಹಾಳೆ ತೋರಿಸಿ, ಫೋನಿನಲ್ಲಿದ್ದ ಆ ದಿನದ ಫೋಟೊ ತೋರಿಸಿದಳು. ಪಾಟಿ ಬಾಟಲಿಯನ್ನು ಸೆರಗಿನಡಿ ಇಟ್ಟುಕೊಂಡು ಇಳಿದು ಹೋದರು. ಬೇಜಾರಾಯಿತು ಎಂದುಕೊಂಡೆವು. ನಾಲ್ಕು ದಿನ ಬಿಟ್ಟು ರಾಗಿ, ಅಕ್ಕಿ, ಹೆಸರುಬೇಳೆ ಮೂರೇ ತಂದು, "ನಿಮ್ಮ ಮಿಕ್ಸಿಯಲ್ಲೇ ಅರೆಯಿರಿ" ಎಂದರು.

ಆಡಿ ತಿಂಗಳಲ್ಲಿ ಇಲ್ಲಿನ ಅಮ್ಮನ್ ಗುಡಿಗಳಲ್ಲಿ ರಾಗಿ ಮತ್ತು ನುಚ್ಚಕ್ಕಿಯ ಗಂಜಿ ಕಾಯಿಸಿ ಬಂದವರಿಗೆಲ್ಲ ಹೊಯ್ಯುತ್ತಾರೆ. ಅದಕ್ಕೆ ಅವರು ಹೇಳುವುದು ಕೂಳ್. ನಮ್ಮ ಕೂಳು ಅದೇ ಪದ. ನಾವು ಅದನ್ನು ಬೈಗುಳಕ್ಕೆ ಇಟ್ಟುಕೊಂಡಿದ್ದೇವೆ, ಇವರು ದೇವರ ಮುಂದೆ ಇಡುತ್ತಾರೆ. ಅಮ್ಮ, ಪಾಟಿ ಇಬ್ಬರೂ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ರಾಗಿ ಹುರಿಯುವ ಹದದ ಬಗ್ಗೆ ವಾದ ಮಾಡುವುದನ್ನು ಕೇಳುತ್ತಾ ನಾನು ಎಷ್ಟೋ ಸಂಜೆ ಕೆಲಸ ಮಾಡಿದ್ದೇನೆ.

ಮಗಳಿಗೆ ವರ್ಷ ತುಂಬಿ ಅನ್ನ ಸಾರಿಗೆ ಬಂದಾಗ ಮತ್ತೊಂದು ಪಾಠ. ಸಾರು ಅನ್ನ ತಿಂದ ದಿನ ಬಾಯಿ ಸುತ್ತ ಸಣ್ಣಗೆ ಕೆಂಪು. ಬೇಳೆ, ಟೊಮ್ಯಾಟೊ, ಜೀರಿಗೆ ಎಲ್ಲವನ್ನೂ ಅನುಮಾನಿಸಿದೆವು. ಸಿಕ್ಕಿಬಿದ್ದದ್ದು ಇಂಗು. ಅಂಗಡಿಯಲ್ಲಿ ಸಿಗುವ ಬಹುಪಾಲು ಇಂಗು ಶುದ್ಧ ಇಂಗಲ್ಲ, ಗೋಂದು ಮತ್ತು ಹಿಟ್ಟು ಬೆರೆಸಿ ಹದ ಮಾಡಿದ್ದು. ಆ ಹಿಟ್ಟು ಅನೇಕ ಕಡೆ ಗೋಧಿಯದು. ಡಬ್ಬಿಯ ಮೇಲೆ ಬರೆದೇ ಇರುತ್ತದೆ, ಮತ್ತೆ ನಾವು ಓದಿರಲಿಲ್ಲ. ಅಕ್ಕಿ ಹಿಟ್ಟಿನಲ್ಲಿ ಮಾಡಿದ ಇಂಗೂ ಸಿಗುತ್ತದೆ. ನಾವು ಬಿಟ್ಟೇಬಿಟ್ಟೆವು. ಇಂಗಿಲ್ಲದ ಸಾರು ತಿಂದು ನನಗೆ ಅಭ್ಯಾಸವಾಗಿದೆ, ಅಮ್ಮನಿಗೆ ಆಗಿಲ್ಲ.

ಹೀಗೆ ಓದುವ ಚಟ ಹತ್ತಿದ ಮೇಲೆ ಗೊತ್ತಾದ ಕೆಲವು ಸಂಗತಿ. ಗೋಧಿ, ಬಾರ್ಲಿ, ಓಟ್ಸ್‌ನಂಥ ಧಾನ್ಯಗಳು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಗೋಡಂಬಿ ಜಾತಿಯ ಬೀಜಗಳು, ಸೋಯಾ ಇದ್ದರೆ ಪ್ಯಾಕೆಟ್ಟಿನ ಮೇಲೆ ಅಲರ್ಜಿ ಸೂಚನೆಯಾಗಿ ಪ್ರತ್ಯೇಕವಾಗಿ ಬರೆಯಲೇಬೇಕೆಂದು 2020ರ ಲೇಬಲ್ ನಿಯಮ ಹೇಳುತ್ತದೆ. 'ಗ್ಲುಟೆನ್ ಮುಕ್ತ' ಎಂದು ಮುಂದೆ ದೊಡ್ಡದಾಗಿ ಬರೆದಿದ್ದರೂ ಹಿಂದಿನ ಈ ಸಾಲು ಓದಿ. ಗ್ಲುಟೆನ್ ತೆಗೆದ ಗೋಧಿ ಪಿಷ್ಟ ಬಳಸುವ ಆಹಾರಗಳೂ ಇವೆ, ಹಾಲಿನ ಪುಡಿ ಹಾಕಿದವೂ ಇವೆ. 'ಮಾಲ್ಟ್' ಎಂಬ ಪದ ಕಂಡರೆ ಯಾವುದರ ಮಾಲ್ಟ್ ನೋಡಿ. ರಾಗಿ ಮಾಲ್ಟ್ ನಮ್ಮದು, ಬರೀ ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿಯದು. ದುಬೈ, ನ್ಯೂಜೆರ್ಸಿಯಲ್ಲಿರುವವರು ಇಂಡಿಯನ್ ಸ್ಟೋರಿನಿಂದ ತರುವ ರಾಗಿ ಹಿಟ್ಟಿನ ಹಿಂದೆ 'ಗೋಧಿ ಇರಬಹುದು' ಎಂಬ ಸಣ್ಣ ಸಾಲಿದೆಯೇ ನೋಡಿ. ಇದ್ದರೆ ಹಿಟ್ಟಿನ ಬದಲು ಇಡೀ ರಾಗಿ ತಂದು ಮನೆಯಲ್ಲೇ ಪುಡಿ ಮಾಡುವುದು ಮೇಲು. ದುಬಾರಿ ಪ್ಯಾಕೆಟ್ಟುಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಪ್ರಯಾಣಕ್ಕೆ ಒಂದಿರಲಿ. ದಿನನಿತ್ಯಕ್ಕೆ ಅಕ್ಕಿ, ರಾಗಿ, ನವಣೆ ಇರುವ ನಮಗೆ ಅವು ಬೇಕಿಲ್ಲ.

ಅಲರ್ಜಿ ಇಲ್ಲದ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಓದಿ ಗೋಧಿ ಡಬ್ಬ ಎಸೆಯಬೇಡಿ. ನನ್ನ ತಮ್ಮ ಬೆಂಗಳೂರಿನಲ್ಲಿ ಅದನ್ನೇ ಮಾಡಿದ. ನಮ್ಮ ಕಥೆ ಕೇಳಿ ಹೆದರಿ ತನ್ನ ಆರು ತಿಂಗಳ ಮಗನಿಗೆ ಗೋಧಿ, ಕಡಲೆಕಾಯಿ, ಮೊಟ್ಟೆ ಮೂರೂ ನಿಲ್ಲಿಸಿದ್ದ. ಈಗಿನ ತಿಳಿವಳಿಕೆ ಅದಕ್ಕೆ ತಿರುಗಾಮುರುಗ. 2015ರಲ್ಲಿ ಬ್ರಿಟನ್ನಿನಲ್ಲಿ 640 ಕೂಸುಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅಲರ್ಜಿಯ ಅಪಾಯ ಹೆಚ್ಚಿದ್ದ ಆ ಮಕ್ಕಳಲ್ಲಿ, ಮೊದಲ ವರ್ಷದಿಂದಲೇ ಕಡಲೆಕಾಯಿ ತಿಂದವರಿಗೆ ಐದನೇ ವರ್ಷಕ್ಕೆ ಅದರ ಅಲರ್ಜಿ ಬಂದದ್ದು ದೂರವಿಟ್ಟವರಿಗಿಂತ ಬಹಳ ಕಡಿಮೆ. ಗೋಧಿಯನ್ನೂ ಘನ ಆಹಾರ ಶುರುವಾದ ಮೇಲೆ ವರ್ಷದೊಳಗೆ ಪರಿಚಯಿಸಬಹುದು ಎನ್ನುತ್ತಾರೆ. ತಮ್ಮನಿಗೆ ಫೋನಿನಲ್ಲಿ ಜೋರು ಮಾಡಿದೆ. ಅವನ ಮಗ ಈಗ ಚಪಾತಿ ಕಚ್ಚಿಕೊಂಡು ಓಡಾಡುವ ವಿಡಿಯೊ ಕಳಿಸುತ್ತಾನೆ. ನೋಡಲು ಖುಷಿ, ಸ್ವಲ್ಪ ಹೊಟ್ಟೆಯುರಿಯೂ ಹೌದು.

ಹಾಲಿನ ಅಧ್ಯಾಯ ಮುಗಿದಿದೆ. ಎರಡು ವರ್ಷ ತುಂಬಿದ ಮೇಲೆ ಆಸ್ಪತ್ರೆಯಲ್ಲೇ ಕೂರಿಸಿ, ಹನಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಕುಡಿಸಿ ನೋಡಿದರು. ಏನೂ ಆಗಲಿಲ್ಲ. ಆ ಸಂಜೆ ಮಿಲ್ಕ್ ಕಾಲೊನಿಯ ಬೂತಿನಿಂದ ಅರ್ಧ ಲೀಟರ್ ಹಾಲು ತಂದದ್ದು ನಾನೇ. ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಪ್ಯಾಕೆಟ್ಟಿನ ಫೋಟೊ ತೆಗೆದಿಟ್ಟುಕೊಂಡಿದ್ದೇನೆ.

ಗೋಧಿಯ ಪರೀಕ್ಷೆ ಮುಂದಿನ ತಿಂಗಳು. ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಾರದು. ಚಿಟಿಕೆ ಕೊಟ್ಟು, ಕಾದು, ಮತ್ತೆ ಕೊಟ್ಟು, ಮತ್ತೆ ಕಾಯುವ ಕೆಲಸ, ಪಕ್ಕದಲ್ಲಿ ಇಂಜೆಕ್ಷನ್ ಸಿದ್ಧವಿರಬೇಕು. ರಕ್ತ ಪರೀಕ್ಷೆಯ ಅಂಕಿ ಇಳಿದಿದೆ, ಆದರೆ ಅದರಿಂದಲೇ ಏನೂ ಹೇಳಲಾಗದು ಎಂದಿದ್ದಾರೆ ವೈದ್ಯರು. ಅಮ್ಮ ಅದಕ್ಕೆಂದೇ ಬರುತ್ತಿದ್ದಾರೆ. ನಿನ್ನೆ ಫೋನಿನಲ್ಲಿ, "ಅಲ್ಲಿ ಗೋಧಿನ ಹೆಂಗೆ ಕೊಡ್ತಾರೋ, ಸರಿ ಕಾಯಿಸಿ ಕೊಡ್ತಾರಾ? ಯಾರು ಕಾಯಿಸ್ತಾರೆ, ನಾನೇ ಕಾಯಿಸಿ ತರಲಾ?" ಎಂದು ಕೇಳಿದರು. ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಸರಿ ಹಿಟ್ಟಿನ ಡಬ್ಬ ಇನ್ನೂ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಒಂಟಿಯಾಗಿ ಕೂತಿದೆ. ಅದರ ಮೇಲೆ ಅಮ್ಮ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿ: 'ಪುಟ್ಟಿದು. ಬೇರೆ ಚಮಚ ಹಾಕಬೇಡಿ.' ಅದರ ಕೆಳಗೆ ಪಾಟಿಯ ಕೈಬರಹದಲ್ಲಿ ಅದೇ ಮಾತು, ತಮಿಳಿನಲ್ಲಿ.